ದೀವಿ ಹಲಸಿನ ಸುತ್ತ ಕ್ರೋಟನ್

ಬರಾಗ್ವಾ, ಕ್ಯೂಬಾ
11 ಜನವರಿ 2015

ಜಮೈಕಾದ ಸಾಲ್ಟ್ ಕೋವ್ ಊರಿನಲ್ಲಿ, ದೀವಿ ಹಲಸಿನ ಮರದ ಅಂಗಳದಲ್ಲಿರುವ ಕೇಟುರಾ ಪಿನ್ನಾಕ್ ಮನೆಯವರಿಗೆ,

ಈ ಪತ್ರ ಯಾರ ಕೈ ಸೇರುತ್ತದೋ ತಿಳಿಯದು. ನಮ್ಮ ತಾತ ಹೇಳುತ್ತಿದ್ದ ವಿಳಾಸವನ್ನೇ ಬರೆದಿದ್ದೇನೆ. ಮನೆಗೆ ನಂಬರ್ ಇತ್ತೋ ಇಲ್ಲವೋ, ಅವರು ಹೇಳಲಿಲ್ಲ.

ನಾನು ಒಡಾಲಿಸ್. ಕಬ್ಬು ಕಡಿಯಲು ಕ್ಯೂಬಾಕ್ಕೆ ಬಂದು ಮರಳಿ ಹೋಗದ ಎಬೆನೀಜರ್ ಪಿನ್ನಾಕ್ ಅವರ ಮೊಮ್ಮಗಳು. ಕೇಟುರಾ ನನ್ನ ತಾತನ ತಂಗಿ. ನನಗೆ ಅರವತ್ತು ದಾಟಿದೆ. ಇಲ್ಲಿಯ ಸಕ್ಕರೆ ಕಾರ್ಖಾನೆಯ ಊಟದ ಮನೆಯಲ್ಲಿ ಅಡುಗೆ ಮಾಡಿ ನಿವೃತ್ತಳಾದೆ. ತಾತ ಮನೆಯಲ್ಲಿ ನಿಮ್ಮ ಭಾಷೆಯನ್ನೇ ಆಡಿಸುತ್ತಿದ್ದರು, ಹಾಗಾಗಿ ಬರೆಯಬಲ್ಲೆ.

ರೇಡಿಯೋದಲ್ಲಿ ನೀವೂ ಕೇಳಿರುತ್ತೀರಿ. ಅಮೆರಿಕದವರಿಗೂ ನಮ್ಮವರಿಗೂ ರಾಜಿಯಾಗುತ್ತಿದೆಯಂತೆ, ದಿಗ್ಬಂಧನ ತೆಗೆಯುತ್ತಾರಂತೆ. ಇಲ್ಲಿ ಎಲ್ಲರೂ ಸಮುದ್ರದ ಕಡೆ ಮುಖ ಮಾಡಿ ನಿಂತಿದ್ದಾರೆ. ಕೆಲವರು ನಗುತ್ತಾ, ಕೆಲವರು ಬಾಗಿಲಿಗೆ ಹೊಸ ಚಿಲಕ ಹಾಕಿಸುತ್ತಾ.

ತಾತನಿಗೆ ಒಂದೇ ಮಾತು: "ನನ್ ಹೊಕ್ಕುಳಬಳ್ಳಿ ಅಲ್ಲಿ ದೀವಿ ಹಲಸಿನ ಬುಡದಲ್ಲಿದೆ ಮಗಾ. ಮಿಕ್ಕಿದ್ದು ಮಾತ್ರ ಇಲ್ಲಿದೆ." ಆ ಮರ ಇನ್ನೂ ಇದೆಯೇ? ಸಮುದ್ರದಿಂದ ಎಷ್ಟು ದೂರ? ಈಗ ಅದರ ಕೆಳಗೆ ಯಾರಿದ್ದಾರೆ? ಒಂದು ಚಿತ್ರ ಕಳಿಸಿದರೆ ಉಪಕಾರ.

ಒಡಾಲಿಸ್ ಪಿನ್ನಾಕ್


ಸಾಲ್ಟ್ ಕೋವ್, ಟ್ರಿಲಾನಿ, ಜಮೈಕಾ
22 ಫೆಬ್ರುವರಿ 2015

ಮಾನ್ಯ ಒಡಾಲಿಸ್ ಅವರಿಗೆ,

ನಮ್ಮೆಲ್ಲರನ್ನೂ ಕಾಯುವ ಕರ್ತನಿಗೆ ಸ್ತೋತ್ರ. ನಿಮ್ಮ ಪತ್ರ ಬಂತು. ನನಗಿಂತ ಮೊದಲು ಊರಿಗೆಲ್ಲ ಗೊತ್ತಾಗಿತ್ತು, ಏಕೆಂದರೆ ನಮ್ಮ ಅಂಚೆ ಕಚೇರಿಯ ಮಿಸ್ ಪ್ಯಾನ್ಸಿ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮೂಸಿಯೂ ನೋಡಿ, "ಡೋರಾ, ನಿಂಗೆ ಕ್ಯೂಬಾದಲ್ಲಿ ಗಂಡು ಸಿಕ್ಕಿದ್ನಾ?" ಎಂದು ಕಿಟಕಿಯಿಂದಲೇ ಕೂಗಿದಳು.

ನಾನು ಡೋರಲಿನ್. ಕೇಟುರಾ ನನ್ನ ಅಜ್ಜಿ. ನನಗೆ ಐವತ್ತು. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಚರ್ಚು, ಮನೆ, ಸಂತೆ, ಇಷ್ಟೇ ನನ್ನ ಪ್ರಪಂಚ. ಊರ ಶಾಲೆಯಲ್ಲಿ ಕಲಿತಷ್ಟೇ ನನ್ನ ಅಕ್ಷರ, ತಪ್ಪಿದ್ದರೆ ಮನ್ನಿಸಿ.

ಮರ ಇದೆ. ವಯಸ್ಸಾಗಿದೆ. ಕಾಯಿ ಮೊದಲಿನಷ್ಟಿಲ್ಲ. ಸಮುದ್ರ ವರ್ಷ ವರ್ಷವೂ ದಂಡೆ ತಿನ್ನುತ್ತಿದೆ, ಹಾಗಾಗಿ ಎಷ್ಟು ದೂರ ಎಂದು ಹೇಳುವುದು ಕಷ್ಟ. ನೋಡಲು ಅಂಥದ್ದೇನೂ ಇಲ್ಲ.

ನಿಮ್ಮ ತಾತನ ವಿಷಯ ಅಜ್ಜಿ ಹೇಳುತ್ತಿದ್ದಳು. ಬರುತ್ತಾನೆ ಎಂದು ಅವನ ಪಾಲಿನ ಕಾಯಿ ಬೇರೆ ಎತ್ತಿಡುತ್ತಿದ್ದಳಂತೆ. ಅವನು ಬರಲಿಲ್ಲ. ಅವನ ಮಗನೂ ಬರಲಿಲ್ಲ. ಈಗ ನಿಮ್ಮ ದೇಶದ ಬಾಗಿಲು ತೆರೆಯುತ್ತದೆ ಎಂದು ರೇಡಿಯೋ ಹೇಳಿದ ತಿಂಗಳೊಳಗೆ ನಿಮಗೆ ಮರ ನೆನಪಾಗಿದೆ. ನಾನು ಒಳಗೊಂದು ಹೊರಗೊಂದು ಇಟ್ಟುಕೊಳ್ಳುವವಳಲ್ಲ. ಇದು ಮನೆತನದ ಜಮೀನು. ಇದನ್ನು ಯಾರೂ ಮಾರುವಂತಿಲ್ಲ, ಇಲ್ಲಿ ಹೊಕ್ಕುಳಬಳ್ಳಿ ಹೂಳಿದವರ ಸಂತಾನ ಬಂದರೆ ಮನೆ ಕಟ್ಟಿಕೊಳ್ಳಲು ಜಾಗ ಬಿಡಬೇಕು. ಇದು ನಿಮಗೂ ಗೊತ್ತಿರಬಹುದು. ಜಮೀನಿನ ವಿಷಯಕ್ಕೆ ಬರೆದಿದ್ದರೆ ಹಾಗೆಂದು ಬರೆಯಿರಿ.

ನಿಮ್ಮ ನಿರ್ಬಂಧ ಹೋದರೆ ನಿಮಗೆ ಒಳ್ಳೆಯದು. ನಮಗೇನಾಗುತ್ತದೋ ಕರ್ತನೇ ಬಲ್ಲ. ಪ್ರತಿ ಚಳಿಗಾಲ ನಮ್ಮೂರಿಗೆ ಬರುತ್ತಿದ್ದ ಕೆನಡಾದ ದಂಪತಿ ಈ ಸಲ ಬರುವುದಿಲ್ಲವಂತೆ. ಅಮೆರಿಕದವರು ನುಗ್ಗಿ ಕೆಡಿಸುವ ಮೊದಲು ಕ್ಯೂಬಾ ನೋಡಿಬಿಡಬೇಕಂತೆ.

ಡೋರಲಿನ್


ಬರಾಗ್ವಾ
29 ಮಾರ್ಚ್ 2015

ಪ್ರಿಯ ತಂಗಿ ಡೋರಲಿನ್,

ತಂಗಿ ಎನ್ನಬಹುದಲ್ಲವೇ? ನಿನ್ನ ಪತ್ರವನ್ನು ಮನೆಯವರಿಗೆಲ್ಲ ಓದಿ ಹೇಳಿದೆ. ತಾತನ ಪಾಲಿನ ಕಾಯಿ ಎತ್ತಿಡುತ್ತಿದ್ದರು ಎಂಬ ಸಾಲನ್ನು ಎರಡು ಸಲ ಓದಿದೆ.

ಜಮೀನಿನ ವಿಷಯ ಕೇಳಿದ್ದೀಯೆ. ನಾನು ಮರದ ವಿಷಯ ಕೇಳಿದ್ದೆ.

ನಮ್ಮ ಬೀದಿಯ ಯಾಮಿಲೆ ನಿಮ್ಮ ಕಡೆಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಳೆ. ನನ್ನನ್ನು ಟೀಯಾ, ಅಂದರೆ ಚಿಕ್ಕಮ್ಮ, ಎನ್ನುತ್ತಾಳೆ. ರಜೆಗೆ ಬಂದಿದ್ದಳು. ನಿಮ್ಮೂರ ದಾರಿಯಲ್ಲಿ ಹೋಗಿದ್ದಳಂತೆ. "ಟೀಯಾ, ಎಂಥಾ ಮರ ಅಂತೀರಿ! ಅದರ ಪಕ್ಕ ನೀಲಿ ಬಾಗಿಲಿನ ನಾಲ್ಕು ಕೋಣೆ, ಬಾಡಿಗೆಗೆ ಕೊಡ್ತಾರೆ, ಕಿಟಕಿ ತೆಗೆದ್ರೆ ಸಮುದ್ರ" ಎಂದಳು. ನೀನು ಅದನ್ನು ಬರೆದಿರಲಿಲ್ಲ. ಸಂಕೋಚವಿರಬೇಕು ಎಂದುಕೊಂಡೆ.

ಇಲ್ಲೂ ಎಲ್ಲರೂ ಕೋಣೆ ಬಾಡಿಗೆಯ ಬೋರ್ಡು ಬರೆಸುತ್ತಿದ್ದಾರೆ. ಹವಾನಾ ಎಲ್ಲಿ, ಈ ಸಕ್ಕರೆ ಕಾರ್ಖಾನೆಯ ಊರು ಎಲ್ಲಿ! ಪ್ರವಾಸಿಗರು ನಮ್ಮಲ್ಲಿಗೆ ಬರುವುದಿಲ್ಲ, ಆದರೆ ನಮ್ಮ ಈರುಳ್ಳಿ ಅವರಲ್ಲಿಗೆ ಹೋಗುತ್ತದೆ. ದ್ವೀಪದಂಚಿನ ಹೋಟೆಲುಗಳ ಲಾರಿ ಬಂದು ಟೊಮೇಟೊ, ಈರುಳ್ಳಿ, ಮೊಟ್ಟೆ ಎಲ್ಲ ಎತ್ತಿಕೊಂಡು ಹೋಗುತ್ತದೆ. ನಾವು ಲಾರಿಯ ಧೂಳು ತಿನ್ನುತ್ತೇವೆ.

ಒಬ್ಬ ಅಪರಿಚಿತ ನಮ್ಮ ಬೀದಿಯಲ್ಲಿ ಮನೆಗಳ ಚಿತ್ರ ತೆಗೆಯುತ್ತಿದ್ದಾನೆ. ಅದು ಬೇರೆ ವಿಷಯ.

ಮರದ ಸುತ್ತ ಖಾಲಿ ಜಾಗ ಇದೆಯೇ? ಸುಮ್ಮನೆ ಕೇಳಿದೆ. ಚಿತ್ರ ಮರೆಯಬೇಡ.

ಒಡಾಲಿಸ್


ಸಾಲ್ಟ್ ಕೋವ್
26 ಏಪ್ರಿಲ್ 2015

ಒಡಾಲಿಸ್ ಅವರಿಗೆ,

ಸುಮ್ಮನೆ ಯಾರೂ ಖಾಲಿ ಜಾಗ ಕೇಳುವುದಿಲ್ಲ. ನರ್ಸ್ ಹುಡುಗಿಯನ್ನು ಕಳಿಸಿ ನನ್ನ ಬಾಗಿಲಿನ ಬಣ್ಣ ತಿಳಿದುಕೊಂಡಿರಿ. ಎದುರಿಗೆ ಬಂದು ಕೇಳಿದ್ದರೆ ಚಹಾ ಕೊಟ್ಟು ತೋರಿಸುತ್ತಿದ್ದೆ. ಆಸ್ಪತ್ರೆಯಲ್ಲಿ ನನ್ನ ಕಣ್ಣಿಗೆ ಔಷಧಿ ಬಿಟ್ಟವಳೂ ಅವಳೇ ಇರಬೇಕು, ದೇವರೇ.

ಹೌದು, ನಾಲ್ಕು ಕೋಣೆ ಇವೆ. ಗಂಡ ಇದ್ದಾಗ ಎರಡು, ಅವನು ಹೋದ ಮೇಲೆ ಎರಡು. ಮರಗೆಣಸಿನ ರೊಟ್ಟಿ ತಟ್ಟಿ ತಟ್ಟಿ ಎಬ್ಬಿಸಿದ ಗೋಡೆಗಳು ಅವು. ಆ ಕೆನಡಾದವರು ತಂಗುತ್ತಿದ್ದುದೂ ನನ್ನಲ್ಲೇ. ಈಗ ನಾಲ್ಕರಲ್ಲಿ ಮೂರು ಖಾಲಿ. ಪಕ್ಕದಲ್ಲಿ ದೊಡ್ಡ ಹೋಟೆಲು ಕಟ್ಟಲು ಗುರುತು ಹಾಕಿದವರು ಗೂಟ ಕಿತ್ತುಕೊಂಡು ಹೋದರು, ಅವರ ಕಣ್ಣೂ ನಿಮ್ಮ ಕಡೆಗೇ ಇದೆಯಂತೆ. ಟ್ಯಾಕ್ಸಿಯ ಬರ್ಟೆಲ್, "ಮಿಸ್ ಡೋರಾ, ನನ್ ಗಾಡಿಗೆ ರೆಕ್ಕೆ ಕಟ್ಟಿಸ್ತೀನಿ, ಹವಾನಾಕ್ಕೆ ಹಾರ್ತೀನಿ. ಇಲ್ಲಿ ಹತ್ತೋರೇ ಇಲ್ಲ" ಎನ್ನುತ್ತಾನೆ. "ಮೊದ್ಲು ಅದು ಚರ್ಚ್ ದಿಬ್ಬ ಹತ್ಲಿ ಬಿಡೋ" ಎಂದೆ. ನಗುವುದು ಅಷ್ಟೇ. ಅವನೂ ಸಾಲ ಮಾಡಿ ಗಾಡಿ ತಂದವನು.

ನಿಮ್ಮ ದೇಶ ನನ್ನ ಅತಿಥಿಗಳನ್ನು ಕರೆದುಕೊಂಡಿತು. ಈಗ ನೀವು ನೆಲಕ್ಕೆ ಬಂದಿದ್ದೀರಿ.

ನನ್ನ ತಮ್ಮ ಲಿನ್‌ವಲ್ ಕಿಂಗ್‌ಸ್ಟನ್‌ನಿಂದ ಫೋನ್ ಮಾಡಿ ಹೇಳಿದ: "ಡೋರಾ, ನೆರಳು ಎಲ್ಲೀವರೆಗೆ ಬೀಳುತ್ತೋ ಅಲ್ಲೀವರೆಗೂ ಎಬೆನೀಜರ್ ಪಾಲು ಅಂತ ಅಜ್ಜಿ ಹೇಳ್ತಿರ್ಲಿಲ್ವಾ? ನಿನ್ನ ಹೊಸ ಎರಡು ಕೋಣೆ ನೆರಳಲ್ಲೇ ಕೂತಿವೆ. ಅವಳು ಬಂದು ಬೀಗ ಹಾಕಿದ್ರೆ ಏನ್ಮಾಡ್ತೀಯಾ? ಪ್ರಾರ್ಥನೆ ಮಾಡ್ತೀಯಾ?"

ಪ್ರಾರ್ಥನೆಯನ್ನೂ ಮಾಡಿದೆ. ಆಮೇಲೆ ಆಳು ಕರೆಸಿ ಕೋಣೆಯ ಮೇಲೆ ಬಾಗಿದ್ದ ಕೊಂಬೆ ಕಡಿಸಿದೆ. ಈಗ ನೆರಳು ಗೋಡೆ ಮುಟ್ಟುವುದಿಲ್ಲ.

ನಾಳೆ ಕ್ರೋಟನ್ ನೆಡುತ್ತೇನೆ. ನಮ್ಮಲ್ಲಿ ಗಡಿಗೆ ಕಲ್ಲುಕಂಬ ಬೇಡ. ಕ್ರೋಟನ್ ಸಾಲು ಎದ್ದರೆ ಮುಗಿಯಿತು, ಅಳೆಯಲು ಬಂದವನೂ ಅದನ್ನೇ ನೋಡಿ ಅಳೆಯುತ್ತಾನೆ. ಮರದ ಬುಡದ ಸುತ್ತ, ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು ಜಾಗ ಬಿಟ್ಟು, ನಾಲ್ಕೂ ಕಡೆ ನೆಡುತ್ತೇನೆ. ಮರ ನಿಮ್ಮದು, ಆ ಜಾಗ ನಿಮ್ಮದು. ಅಜ್ಜಿಯ ಮಾತು ಉಳಿಯಿತು. ಕ್ರೋಟನ್ ದಾಟಿ ಒಂದು ಹೆಜ್ಜೆಯೂ ನಿಮ್ಮದಲ್ಲ. ಅಷ್ಟರಲ್ಲಿ ಮನೆ ಕಟ್ಟಲು ಬರುವುದಾದರೆ ಬನ್ನಿ.

ಇದನ್ನು ಕೋಪದಲ್ಲಿ ಬರೆದಿಲ್ಲ. ಓದಿ ನೋಡಿದೆ, ಇರುವುದನ್ನೇ ಬರೆದಿದ್ದೇನೆ.

ಡೋರಲಿನ್


ಸಾಲ್ಟ್ ಕೋವ್
3 ಮೇ 2015

ಒಡಾಲಿಸ್ ಅವರಿಗೆ,

ನಿಮ್ಮ ಯಾಮಿಲೆ ಬಂದಿದ್ದಾಳೆ. ತಾಯಿಗೆ ಹುಷಾರಿಲ್ಲವೆಂದು ನಾಳೆಯೇ ಊರಿಗೆ ಹೊರಟಿದ್ದಾಳೆ. ಗೇಟಿನಲ್ಲಿ ನಿಂತು, "ಮಿಸ್ ಡೋರಾ, ಟೀಯಾಗೆ ಮರದ ಚಿತ್ರ ಬೇಕಂತೆ" ಎಂದಳು. ತೆಗೆದುಕೋ ಎಂದೆ. ಪೇಟೆಯಲ್ಲಿ ಅಚ್ಚು ಹಾಕಿಸಿ ತಂದಿದ್ದಾಳೆ, ಇದರೊಳಗಿದೆ.

ಮರ ನೋಡಿ. ಸುತ್ತ ಕ್ರೋಟನ್ ನೆಟ್ಟಿದ್ದೇನೆ. ನೀವೂ ಜಮೈಕಾದವರ ಹೊಟ್ಟೆಯಲ್ಲಿ ಹುಟ್ಟಿದವರು. ಕ್ರೋಟನ್ ಏನು ಹೇಳುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಡೋರಲಿನ್


ಬರಾಗ್ವಾ
14 ಮೇ 2015

ನನ್ನ ತಂಗಿ, ನನ್ನ ಡೋರಲಿನ್,

ಚಿತ್ರ ಕೈಯಲ್ಲಿ ಹಿಡಿದೇ ಬರೆಯುತ್ತಿದ್ದೇನೆ. ಅಕ್ಷರ ಓರೆಯಾಗುತ್ತಿದೆ.

ಬಿಡಿಸಿ ಹೇಳಬೇಕಿಲ್ಲ ಎಂದಿದ್ದೀಯೆ. ನಿಜ. ಕವರು ತೆರೆದು ಕ್ರೋಟನ್ ಕಂಡ ಕೂಡಲೇ ನನಗೆ ತಿಳಿಯಿತು. ನಮ್ಮಲ್ಲಿ ಜಮೈಕಾದವರ ಸ್ಮಶಾನವೆಂದರೆ ಕ್ರೋಟನ್ ತೋಟವೇ. ನನ್ನ ಅಪ್ಪ, ಅಮ್ಮ, ತಾತ, ಎಲ್ಲರ ಸುತ್ತಲೂ ಅದೇ ಕೆಂಪು ಹಳದಿ ಎಲೆ. ಬೇರೆಯವರು ಹೂವು ಇಡುತ್ತಾರೆ, ನಾವು ಕ್ರೋಟನ್ ನೆಡುತ್ತೇವೆ. ಬೇರೆಲ್ಲೂ ನೆಡುವುದಿಲ್ಲ, ಮನೆಯ ಮುಂದೆ ನೆಟ್ಟರೆ ಹಿರಿಯರು ಬೈಯುತ್ತಾರೆ.

ಅವರ ಹೊಕ್ಕುಳಬಳ್ಳಿ ಇರುವಲ್ಲಿ, ಅವರ ಮರದ ಬುಡದಲ್ಲಿ, ಒಬ್ಬ ಮನುಷ್ಯ ಮಲಗುವಷ್ಟು ಜಾಗ ಅಳೆದು ನೀನು ಅವರಿಗೆ ಗೋರಿ ಮಾಡಿದ್ದೀಯೆ. ದೇಹವಿಲ್ಲದಿದ್ದರೂ! ನಾನು ಕೇಳಿರಲಿಲ್ಲ. ಕೇಳುವ ಧೈರ್ಯವೂ ನನಗಿರಲಿಲ್ಲ. ಕೊನೆಗಾಲದಲ್ಲಿ ತಾತ ಹಾಸಿಗೆಯಲ್ಲಿ ಕಾಲು ಚಾಚಿ, "ಅಲ್ಲಾದ್ರೆ ನಂಗೆ ಇಷ್ಟು ಜಾಗ ಸಾಕಿತ್ತು" ಎಂದು ಕೈಯಿಂದ ಅಳೆದು ತೋರಿಸುತ್ತಿದ್ದರು. ನೀನು ಬಿಟ್ಟಿರುವುದು ಸರಿಯಾಗಿ ಅಷ್ಟೇ. ನಿನಗೆ ಇದನ್ನು ಯಾರು ಹೇಳಿದರು?

ಭಾನುವಾರ ಚಿತ್ರವನ್ನು ಚರ್ಚಿಗೆ ಒಯ್ದೆ. ಮುದುಕಿಯರು ಒಬ್ಬೊಬ್ಬರಾಗಿ ಮುತ್ತಿಟ್ಟರು. ಪಾದ್ರಿಗಳು ನಿನ್ನ ಹೆಸರು ಹೇಳಿ ಪ್ರಾರ್ಥಿಸಿದರು. ನಿನ್ನ ಹೆಸರನ್ನು ಇಲ್ಲಿ ಸರಿಯಾಗಿ ಉಚ್ಚರಿಸಲು ಬರುವುದಿಲ್ಲ, ಆದರೂ ಅದು ದೇವರಿಗೆ ತಲುಪಿರುತ್ತದೆ.

ನಿನ್ನ ಮೇಲೆ ನನಗೆ ಅನುಮಾನವಿತ್ತು, ತಂಗಿ. ಕೋಣೆಗಳನ್ನು ಮುಚ್ಚಿಟ್ಟೆ ಎಂದು, ಜಮೀನು ಯಾರಿಗೋ ಬಿಟ್ಟುಕೊಟ್ಟಿರಬಹುದು ಎಂದು. ಕ್ಷಮಿಸು. ನಾನೂ ಎಲ್ಲವನ್ನೂ ನಿನಗೆ ಹೇಳಿಲ್ಲ. ಮುಂದೆ ಹೇಳುತ್ತೇನೆ.

ಯಾಮಿಲೆ ಈ ಪತ್ರ ತರುತ್ತಾಳೆ. ಬಲಗಡೆ ಒಂದು ಕೊಂಬೆ ಕಡಿದಂತಿದೆ. ಬಿರುಗಾಳಿಯೇ?

ನಿನ್ನ ಅಕ್ಕ
ಒಡಾಲಿಸ್


ಸಾಲ್ಟ್ ಕೋವ್
31 ಮೇ 2015

ಅಕ್ಕನವರಿಗೆ,

ನಿಮ್ಮ ಪತ್ರ ಓದಿದೆ. ಯಾರಿಗೂ ಓದಿ ಹೇಳಲಿಲ್ಲ. ಲಿನ್‌ವಲ್ ಕೇಳಿದ್ದಕ್ಕೆ ಹವಾಮಾನದ ವಿಷಯ ಬರೆದಿದ್ದಾರೆ ಎಂದೆ.

ಒಂದು ಕೇಳಿಕೊಳ್ಳುತ್ತೇನೆ. ಏಪ್ರಿಲ್‌ನಲ್ಲಿ ನಾನು ಅಂಚೆಗೆ ಹಾಕಿದ ಪತ್ರವೊಂದು ನಿಮಗೆ ಇನ್ನೂ ಬಂದಿಲ್ಲ. ಬರುತ್ತದೆ. ಅದನ್ನು ಒಡೆಯದೆ ಒಲೆಗೆ ಹಾಕಿಬಿಡಿ. ಆಗ ನನಗೆ ಮೈ ಸರಿಯಿರಲಿಲ್ಲ, ಕೆಲಸಕ್ಕೆ ಬಾರದ ಮಾತುಗಳನ್ನು ಬರೆದಿದ್ದೇನೆ. ಓದುವಂಥದ್ದು ಅದರಲ್ಲಿ ಏನೂ ಇಲ್ಲ.

ಅದನ್ನು ತಡೆಯಬಹುದೇ ಎಂದು ಮಿಸ್ ಪ್ಯಾನ್ಸಿಯನ್ನು ಕೇಳಿದೆ. "ಹಾಕೋವಾಗ ನಾನೇ ಹೇಳ್ಲಿಲ್ವಾ, ಅಷ್ಟು ಒತ್ತಿ ಅಂಟಿಸ್ಬೇಡ, ಒಂದಿನ ಇಟ್ಕೋ ಅಂತ? ಈಗ ಅದು ಯಾವ ಚೀಲದಲ್ಲಿ ಯಾವ ದೇಶ ಸುತ್ತುತ್ತಿದ್ಯೋ! ಏನ್ ಬರ್ದಿದ್ದೆ ಅಂಥಾದ್ದು?" ಎಂದಳು. ಯಾಮಿಲೆಯ ಕೈಯಲ್ಲಿ ಕಳಿಸೋಣವೆಂದರೆ ಅವಳು ಇನ್ನು ಡಿಸೆಂಬರಿಗೇ ಊರಿಗೆ ಹೋಗುವುದು. ಯಾಮಿಲೆಯಿಂದ ನಂಬರು ಪಡೆದು ನಿಮ್ಮ ನೆರೆಯವರ ಫೋನಿಗೂ ಮಾಡಿದೆ. ಯಾರೋ ಗಂಡಸು ಸ್ಪ್ಯಾನಿಷಿನಲ್ಲಿ ಏನೋ ಕೂಗಿದ, ನಾನು ನಿಮ್ಮ ಹೆಸರು ಕೂಗಿದೆ, ದುಡ್ಡು ಮುಗಿದು ಕಟ್ಟಾಯಿತು.

ಕೊಂಬೆ ಬಿರುಗಾಳಿಗೆ ಹೋದದ್ದಲ್ಲ. ಅದಕ್ಕೆ ಹುಳ ಹಿಡಿದಿತ್ತು.

ನಿಮ್ಮ ಚರ್ಚಿನಲ್ಲಿ ನನ್ನ ಹೆಸರು ಹೇಳಿ ಪ್ರಾರ್ಥಿಸುವುದನ್ನು ನಿಲ್ಲಿಸಲು ಹೇಳಿ. ಬೇರೆಯವರಿಗೆ ಹೆಚ್ಚು ಅಗತ್ಯವಿರುತ್ತದೆ.

ನೀವು ಮುಂದೆ ಹೇಳುತ್ತೇನೆ ಎಂದದ್ದು ಏನು? ಅದನ್ನು ಬರೆಯಿರಿ.

ಡೋರಲಿನ್


ಬರಾಗ್ವಾ
6 ಸೆಪ್ಟೆಂಬರ್ 2015

ಡೋರಲಿನ್,

ನಿನ್ನ ಎರಡು ಪತ್ರವೂ ಒಂದೇ ದಿನ ಬಂದವು. ಅಂಚೆಯವನು ಜೋಡಿಯಾಗಿ ಕೈಗಿಟ್ಟ. ಮೇಲಿದ್ದುದನ್ನು ಮೊದಲು ಒಡೆದೆ. ಇನ್ನೊಂದನ್ನು ಒಡೆಯಬೇಡಿ ಎಂದು ಅದು ಹೇಳಿತು.

ಒಲೆ ಉರಿಯುತ್ತಿತ್ತು. ಒಲೆಯ ಮುಂದೆ ಹೋಗಿಯೂ ನಿಂತೆ. ಆದರೆ ಹಾಕಲಿಲ್ಲ. ಏಕೆ ಎಂದು ಹೇಳಬೇಕಾದರೆ ಮೊದಲು ನನ್ನ ವಿಷಯ ಹೇಳಬೇಕು.

ನಾನಿರುವ ಈ ಮನೆ ಅಮೆರಿಕದ ಸಕ್ಕರೆ ಕಂಪನಿಯ ಕಾಲದ್ದು. ಅವರು ಹೋದ ಮೇಲೆ ಸರ್ಕಾರ ನಮ್ಮ ಅಪ್ಪನಿಗೆ ಕೊಟ್ಟಿತು. ನಾನು ಬುದ್ಧಿ ಬಂದಾಗಿನಿಂದ ಇಲ್ಲೇ ಇದ್ದೇನೆ. ದಿಗ್ಬಂಧನ ಹೋಗುತ್ತದೆ ಎಂದ ದಿನವೇ ನಮ್ಮ ಬೀದಿಯಲ್ಲಿ ಇನ್ನೊಂದು ಮಾತು ಹುಟ್ಟಿತು: ಹಳೆಯ ಮಾಲೀಕರು ಬರುತ್ತಾರೆ, ಮನೆ ವಾಪಸು ಕೇಳುತ್ತಾರೆ. ಅದಕ್ಕೇ ಎಲ್ಲರೂ ಚಿಲಕ ಹಾಕಿಸಿದ್ದು. ನಾನೂ ಹಾಕಿಸಿದೆ. ಮತ್ತು ನಿನಗೆ ಬರೆದೆ. ಮನೆ ಹೋದರೆ ತಾತನ ಮರದ ಕೆಳಗೆ ನನಗೊಂದು ಜಾಗ ಇದೆ ಎಂದು ತಿಳಿದುಕೊಳ್ಳಬೇಕಿತ್ತು. ನೀನು ಅನುಮಾನಪಟ್ಟದ್ದು ಸರಿ. ನಾನು ಖಾಲಿ ಜಾಗ ಸುಮ್ಮನೆ ಕೇಳಿದ್ದಲ್ಲ.

ಚಿತ್ರ ತೆಗೆಯುತ್ತಿದ್ದವನು ಮಯಾಮಿಯಿಂದ ಬಂದಿದ್ದ. ಅರವತ್ತರ ಮೇಲಿನವನು, ಬೆವರು ಒರೆಸಿಕೊಳ್ಳುತ್ತಾ ಬಾಗಿಲು ತಟ್ಟಿದ. "ಸೆನ್ಯೋರಾ, ಐದೇ ನಿಮಿಷ, ಹಿತ್ತಲು ನೋಡ್ಕೊಂಡು ಹೋಗ್ತೀನಿ" ಎಂದ. ಹಿತ್ತಲಿನಲ್ಲಿ ಅಳತೆ ಶುರುಮಾಡುತ್ತಾನೆ ಎಂದುಕೊಂಡೆ. ಕಿಟಕಿ ಮುಚ್ಚಿದೆ. ಮರುದಿನವೂ ಬಂದ. ಒಳಗೆ ರೇಡಿಯೋ ಹಾಡುತ್ತಿದ್ದರೂ ಮನೆಯಲ್ಲಿ ಯಾರೂ ಇಲ್ಲದವಳಂತೆ ಕೂತೆ. ಅವನು ಪಕ್ಕದ ಮನೆಯವಳ ಹತ್ತಿರ ಮಾತಾಡಿ ಹೊರಟುಹೋದ.

ಅವಳು ಬಂದು ಹೇಳಿದಳು: "ಏನ್ ಹೆಂಗಸೇ ನೀನು! ಅವ್ನು ಮನೆ ಕೇಳೋಕೆ ಬಂದಿರ್ಲಿಲ್ಲ. ಚಿಕ್ಕೋನಿದ್ದಾಗ ಅವ್ನ ನಾಯಿ ಸತ್ತಿತ್ತಂತೆ, ಕನೇಲಾ ಅಂತ ಹೆಸ್ರು. ನಿನ್ ಹಿತ್ತಲಲ್ಲಿ ಹೂಳಿದ್ರಂತೆ. ಕಲ್ಲು ಇದ್ಯಾ ಅಂತ ನೋಡೋಕೆ ಬಂದಿದ್ದ."

ಹಿತ್ತಲಿಗೆ ಹೋದೆ. ಅಲ್ಲಿರುವುದು ಒಂದೇ ಕಲ್ಲು, ನಾನು ಬಟ್ಟೆ ಒಗೆಯುವ ಕಲ್ಲು. ಅದರ ಅಂಚಿನಲ್ಲಿ ಕನೇಲಾ ಎಂಬ ಅಕ್ಷರಗಳಿವೆ. ಸಿಮೆಂಟು ಮಾಡಿದವರ ಹೆಸರು ಎಂದುಕೊಂಡಿದ್ದೆ. ನನ್ನ ಮಕ್ಕಳ ಲಂಗೋಟಿಯಿಂದ ಹಿಡಿದು ಅಮ್ಮನ ಕೊನೆಯ ಹೊದಿಕೆಯವರೆಗೆ ಎಲ್ಲವನ್ನೂ ಆ ಕಲ್ಲಿನ ಮೇಲೆ ಬಡಿದಿದ್ದೇನೆ.

ಆ ಬಾಗಿಲು ತೆಗೆಯದೆ ಹೋದವಳು ಈ ಕವರನ್ನಾದರೂ ತೆಗೆಯಬೇಕು ಅನ್ನಿಸಿತು. ತೆಗೆದೆ. ಓದಿದೆ. ಎರಡು ಸಲ ಓದಿದೆ.

ಹಿತ್ತಲಲ್ಲಿ ಇದ್ದ ಗೋರಿ ನನಗೆ ಕಾಣಲಿಲ್ಲ. ನಿನ್ನ ಅಂಗಳದಲ್ಲಿ ಇಲ್ಲದ ಗೋರಿ ಕಾಣಿಸಿತು.

ಚರ್ಚಿನಲ್ಲಿ ನಾನು ಏನೂ ಹೇಳಿಲ್ಲ. ಮುದುಕಿಯರು ಈಗಲೂ ಆ ಚಿತ್ರ ಕೇಳಿ ತರಿಸಿಕೊಂಡು ನೋಡುತ್ತಾರೆ. ಮನೆಯಲ್ಲಿ ಮರೆತೆ ಎಂದು ಎರಡು ಸಲ ಸುಳ್ಳು ಹೇಳಿದೆ, ಮೂರನೆಯ ಸಲ ಕೊಟ್ಟೆ.

ಕೋಪ ಬಂತೇ ಎಂದು ಕೇಳಬೇಡ. ಬಂತು. ಕೊಂಬೆಯ ವಿಷಯಕ್ಕೆ ಇನ್ನೂ ಇದೆ. ಆದರೆ ತಾತ ಕೈಯಿಂದ ಅಳೆದು ತೋರಿಸಿದ ಜಾಗವನ್ನೇ ನೀನು ಸಿಟ್ಟಿನಲ್ಲಿ ಅಳೆದು ಬಿಟ್ಟೆಯಲ್ಲ. ಅದನ್ನು ಏನೆನ್ನಬೇಕೋ ನನಗೆ ತಿಳಿಯದು. ನೀನು ನನಗಿಂತ ಹೆಚ್ಚು ಪ್ರಾರ್ಥನೆ ಮಾಡುವವಳು. ನೀನೇ ಹೇಳು.

ಒಡಾಲಿಸ್


ಸಾಲ್ಟ್ ಕೋವ್
1 ನವೆಂಬರ್ 2015

ಅಕ್ಕಾ,

ಇದನ್ನು ಮೂರು ಸಲ ಬರೆದು ಹರಿದೆ. ಮಿಸ್ ಪ್ಯಾನ್ಸಿಗೆ ಮಾರಾಟವಾದ ಕಾಗದದ ಲೆಕ್ಕವೂ ಸಿಕ್ಕಿದೆ.

ಮಾಡಿದ್ದಕ್ಕೆ ಬಣ್ಣ ಹಚ್ಚುವುದಿಲ್ಲ. ನೀನು ಓದಿದ್ದೇ ನಿಜ. ಕೊಂಬೆಗೆ ಹುಳ ಹಿಡಿದಿರಲಿಲ್ಲ. ಅದನ್ನು ಒಲೆಗೆ ಹಾಕಲು ಮನಸ್ಸು ಬಾರದೆ ಹಿತ್ತಲಲ್ಲೇ ಒರಗಿಸಿಟ್ಟಿದ್ದೇನೆ, ದಾಟುವಾಗಲೆಲ್ಲ ಕಾಲಿಗೆ ಸಿಗುತ್ತದೆ.

ಕ್ರೋಟನ್ ನೆಟ್ಟ ಮಾರನೆಯ ದಿನದಿಂದಲೇ ದಾರಿಯಲ್ಲಿ ಹೋಗುವವರು ಗೇಟಿನ ಹತ್ತಿರ ಟೋಪಿ ತೆಗೆಯುತ್ತಿದ್ದರು. ಬರ್ಟೆಲ್ ಗಾಡಿ ನಿಲ್ಲಿಸಿ, "ಯಾರ್ ಹೋದ್ರು ಮಿಸ್ ಡೋರಾ? ಹೇಳ್ಲೇ ಇಲ್ವಲ್ಲ, ಸಾವಿನ ಮನೆ ಕಾಫಿಗಾದ್ರೂ ಬರ್ತಿದ್ದೆ" ಎಂದ. "ನಿನ್ ಅಜ್ಜಿ ಹೋದ್ಲು, ನಡಿ" ಎಂದು ಗದರಿದ್ದೆ. ಗಡಿಗೆ ನೆಡುವ ಕ್ರೋಟನ್ನನ್ನೇ ನಮ್ಮಲ್ಲೂ ಗೋರಿಗೆ ನೆಡುತ್ತಾರೆ. ಊರಿಗೆಲ್ಲ ಕಂಡದ್ದು ನನಗೊಬ್ಬಳಿಗೆ ಕಾಣಲಿಲ್ಲ. ನನ್ನ ಕಣ್ಣಿಗೆ ಬರೀ ಗಡಿ ಕಾಣುತ್ತಿತ್ತು.

ನೀನೇ ಹೇಳು ಎಂದೆ. ಪ್ರಾರ್ಥನೆಯಲ್ಲಿ ಕೇಳಿದೆ. ಉತ್ತರ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಎದ್ದು ಗುದ್ದಲಿ ತೆಗೆದುಕೊಂಡೆ, ಅಷ್ಟೇ.

ಕೋಣೆಗಳ ಕಡೆಯ ಸಾಲಿನಿಂದ ಎರಡು ಕ್ರೋಟನ್ ಕಿತ್ತೆ. ಬೇರು ಹಿಡಿದುಬಿಟ್ಟಿತ್ತು, ಸುಲಭವಾಗಿ ಬರಲಿಲ್ಲ. ಒಂದನ್ನು ಒಳಗೆ ತಲೆಯ ಕಡೆ ನೆಟ್ಟೆ, ಇನ್ನೊಂದನ್ನು ಕಾಲಿನ ಕಡೆ. ತಲೆ ಸಮುದ್ರದ ಕಡೆಗಿದೆ, ಅವನು ಹಡಗು ಹತ್ತಿದ ಕಡೆಗೆ. ಬೇಡ ಅನ್ನಿಸಿದರೆ ಹೇಳು, ತಿರುಗಿಸೋಣ. ಫೋನಿನಲ್ಲಿ ಲಿನ್‌ವಲ್, "ಹುಚ್ಚೀ, ಬೇಲೀಗೆ ಬಾಗ್ಲು ಮಾಡಿ ಅವ್ಳನ್ನ ನೀನೇ ಕರೀತಿದ್ದೀಯಾ?" ಎಂದ. "ಗೋರಿ ಅಂದ್ಮೇಲೆ ಮನೆಯವರು ಬರ್ಬೇಕಲ್ವೇನೋ" ಎಂದೆ. ಅವನು ಫೋನ್ ಇಟ್ಟ.

ಇಲ್ಲಿ ಪರಿಸ್ಥಿತಿ ಸುಧಾರಿಸಿಲ್ಲ. ಸುಧಾರಿಸುವ ಹಾಗೂ ಕಾಣುವುದಿಲ್ಲ. ಬರ್ಟೆಲ್ ಗಾಡಿ ಮಾರಿದ. ಕೆನಡಾದವರು ಹವಾನಾದಿಂದ ಒಂದು ಕಾರ್ಡು ಕಳಿಸಿದ್ದಾರೆ, ಹಳೆಯ ಕಾರುಗಳ ಚಿತ್ರ, ಮುಂದಿನ ವರ್ಷವೂ ಅಲ್ಲಿಗೇ ಹೋಗುತ್ತಾರಂತೆ. ಹಾಗಾಗಿ ಮರದ ಪಕ್ಕದ ಕೋಣೆ ಖಾಲಿ ಇದೆ. ನಿಮ್ಮ ದೇಶವೇ ಖಾಲಿ ಮಾಡಿಸಿದ ಕೋಣೆ ಅದು, ಬಂದರೆ ಅದರಲ್ಲೇ ಇರು. ಬಾಡಿಗೆಯ ಮಾತೆತ್ತಿದರೆ ನನಗೆ ಸಿಟ್ಟು ಬರುತ್ತದೆ. ದೀವಿ ಹಲಸು ಈ ಸಲ ಚೆನ್ನಾಗಿ ಬಿಟ್ಟಿದೆ. ವಯಸ್ಸಾಗಿದೆ, ಕಾಯಿ ಮೊದಲಿನಷ್ಟಿಲ್ಲ ಎಂದು ನಾನು ಬರೆದದ್ದು ಕೂಡ ಸುಳ್ಳು. ಕೆಂಡದಲ್ಲಿ ಸುಟ್ಟು, ಉಪ್ಪು ಮೀನಿನ ಜೊತೆ ಕೊಡುತ್ತೇನೆ. ನಿನ್ನ ತಾತನ ಪಾಲು ಎತ್ತಿಡಲು ಶುರುಮಾಡಿದ್ದೇನೆ, ಅದು ಹಣ್ಣಾಗಿ ಕೊಳೆಯುತ್ತಿದೆ, ಬೇಗ ಬಾ.

ಬರುವಾಗ ಅವನ ಗೋರಿಯ ಮಣ್ಣು ಒಂದು ಹಿಡಿ ತಾ. ವಿಮಾನದಲ್ಲಿ ಬಿಡದಿದ್ದರೆ ಬಟ್ಟೆಯ ಅಂಚಿನಲ್ಲಿ ಹೊಲಿದುಕೊಂಡು ಬಾ. ನಿಮ್ಮ ಮುದುಕಿಯರು ಮುತ್ತಿಟ್ಟ ಚಿತ್ರ ಸುಳ್ಳಾಗಬಾರದು.

ನಿನ್ನ ಮನೆ ಹೋಗದಿರಲಿ ಎಂದು ದಿನಾ ಪ್ರಾರ್ಥಿಸುತ್ತೇನೆ. ಅರ್ಧ ನಿನಗಾಗಿ, ಅರ್ಧ ನನಗಾಗಿ. ಕರ್ತನಿಗೆ ಯಾವುದು ಯಾವ ಅರ್ಧ ಎಂದು ಗೊತ್ತಿದೆ, ನಿನಗೂ ಗೊತ್ತಿರಲಿ. ಎಷ್ಟು ದಿನ ಇರುತ್ತೀಯೆ ಎಂದು ಮೊದಲೇ ಬರೆ. ಕೇಳಬಾರದು, ಆದರೂ ಕೇಳಿದ್ದೇನೆ.

ಉಳಿದ ಕ್ರೋಟನ್ ಕಿತ್ತಿಲ್ಲ, ಅಕ್ಕಾ. ಎರಡು ಗಿಡ ತೆಗೆದಷ್ಟು ದಾರಿ ಇದೆ. ಒಬ್ಬರು ಆರಾಮವಾಗಿ ಹೋಗಬಹುದು. ಇಬ್ಬರು ಒಟ್ಟಿಗೆ ಹೋದರೆ ತೋಳಿಗೆ ಎಲೆ ಸವರುತ್ತದೆ. ಅದನ್ನು ನೀನು ಬಂದ ಮೇಲೆ ನೋಡೋಣ.

ನಿನ್ನ ತಂಗಿ
ಡೋರಲಿನ್